ಊರಿಗೆಲ್ಲ ಚಳಿ, ನನಗೊಬ್ಬಳಿಗೆ ಸೆಕೆ

ಡಿಸೆಂಬರ್ ಹುಟ್ಟಿತೆಂದರೆ ನಮ್ಮನೆಯಲ್ಲಿ ರಗ್ಗುಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಎರಡು ದಿನ ಬಿಸಿಲಿಗೆ ಹಾಕಿ, ನುಸಿಗುಳಿಗೆಯ ವಾಸನೆ ಬಿಡಿಸಿ, ತಲೆಗೊಂದರಂತೆ ಹಂಚುವುದು ನಮ್ಮತ್ತೆಯ ಕಾಲದಿಂದ ಬಂದ ಪದ್ಧತಿ. ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ ನನ್ನ ಪಾಲಿನ ರಗ್ಗನ್ನು ಮಡಿಕೆ ಬಿಚ್ಚದೆ ಕಾಲ ಬುಡದಲ್ಲೇ ಇಟ್ಟುಕೊಂಡೆ. ಮೈಸೂರಿನಲ್ಲಿ ಆ ವಾರ ಬೆಳಗಿನ ಜಾವಕ್ಕೆ 13 ಡಿಗ್ರಿ. ಊರಿಗೆಲ್ಲ ಚಳಿ, ನನಗೊಬ್ಬಳಿಗೆ ಸೆಕೆ.

ರಾತ್ರಿ ಮೂರು ಗಂಟೆಗೆ, ಹೆಚ್ಚೆಂದರೆ ಹತ್ತು ನಿಮಿಷ ಆಚೀಚೆ, ಎಚ್ಚರವಾಗುತ್ತಿತ್ತು. ಎಚ್ಚರವಾದ ಮೇಲೆ ಸೆಕೆ ಬರುತ್ತಿತ್ತೋ, ಸೆಕೆ ಬರುವುದಕ್ಕೆಂದೇ ಎಚ್ಚರವಾಗುತ್ತಿತ್ತೋ ಇವತ್ತಿಗೂ ಬಗೆಹರಿದಿಲ್ಲ. ಎದೆಯ ನಡುವೆ ಯಾರೋ ಸ್ಟೌ ಹಚ್ಚಿದ ಹಾಗೆ ಮೊದಲು ಒಂದು ಕಾವು. ಅದು ಕುತ್ತಿಗೆಗೆ ಏರಿ, ಕಿವಿಯ ಹಿಂದೆ ಹರಿದು, ನೆತ್ತಿ ಮುಟ್ಟುವಷ್ಟರಲ್ಲಿ ನೈಟಿಯ ಬೆನ್ನು ತೊಪ್ಪೆ. ಮೂರು ನಾಲ್ಕು ನಿಮಿಷ ಅಷ್ಟೇ. ಆಮೇಲೆ ಬೆವರು ಆರುತ್ತಾ ಆರುತ್ತಾ ಹಲ್ಲು ಕಟಕಟ ಅನ್ನುವಂಥ ಚಳಿ. ಫ್ಯಾನ್ ಹಾಕಿದರೆ ಪಕ್ಕದಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಮಲಗಿದ ನಮ್ಮೆಜಮಾನರು ನರಳುತ್ತಿದ್ದರು, ಆರಿಸಿದರೆ ನಾನು. ಆ ಡಿಸೆಂಬರ್ ಪೂರ್ತಿ ನಮ್ಮ ಸಂಸಾರ ಒಂದು ಫ್ಯಾನಿನ ಸ್ವಿಚ್ಚಿನ ಮೇಲೆ ನಿಂತಿತ್ತು.

ವಯಸ್ಸು 48. ಏನೆಂದು ಗೊತ್ತಾಗದ್ದೇನಲ್ಲ. ಆದರೂ ಡಾಕ್ಟರ ಹತ್ತಿರ ಹೋದೆ. ಥೈರಾಯ್ಡ್ ನೋಡಿಸಿದರು, ಅದು ನೆಟ್ಟಗಿತ್ತು. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿಯುತ್ತದಲ್ಲ, ಆಗ ಮಿದುಳಿನಲ್ಲಿ ಮೈಯ ಶಾಖ ನೋಡಿಕೊಳ್ಳುವ ಹೈಪೋಥಲಾಮಸ್ ಎಂಬ ಭಾಗ ವಿಪರೀತ ಮುಂಗೋಪಿಯಾಗುತ್ತದಂತೆ. ಮೊದಲಾದರೆ ಕಂಡೂ ಕಾಣದ ಹಾಗೆ ಬಿಟ್ಟುಬಿಡುತ್ತಿದ್ದ ಅಷ್ಟಿಷ್ಟು ಶಾಖಕ್ಕೆ ಈಗ 'ಬೆಂಕಿ ಬಿತ್ತು' ಎಂದು ಕೂಗಿ, ಚರ್ಮದಡಿಯ ರಕ್ತನಾಳಗಳನ್ನು ಹಿಗ್ಗಿಸಿ, ಬೆವರು ಸುರಿಸಿ ಮೈ ತಣಿಸಲು ಹೊರಡುತ್ತದೆ. ಕಾಯಿಲೆಯಲ್ಲ. ತೀರಾ ಆಗದಿದ್ದರೆ ಔಷಧಿ ಇದೆ, ಸದ್ಯಕ್ಕೆ ನೋಡೋಣ, ವ್ಯಾಯಾಮ ಮಾಡಿ, ಕಾಫಿ ಕಡಿಮೆ ಮಾಡಿ ಅಂದರು. ಮೈಸೂರಿನಲ್ಲಿ ಕೂತು, ಚಳಿಗಾಲದಲ್ಲಿ, ಕಾಫಿ ಕಡಿಮೆ ಮಾಡಿ ಅನ್ನುವ ಧೈರ್ಯ ಡಾಕ್ಟರಿಗೆ ಮಾತ್ರ ಇರುತ್ತದೆ.

ಸೆಕೆಯನ್ನಾದರೂ ತಡೆದುಕೊಳ್ಳಬಹುದಿತ್ತು. ಅದು ಇಳಿದ ಮೇಲಿನ ಎರಡು ಗಂಟೆಯದ್ದೇ ಕಾಟ. ಮೂರೂಕಾಲಿನಿಂದ ಐದರವರೆಗೆ ಮನಸ್ಸು ಒಂದೊಂದೇ ಕಡತ ತೆಗೆದು ಮುಂದಿಡುತ್ತಿತ್ತು. ಪುಣೆಯಲ್ಲಿರುವ ಮಗನ ಕೆಲಸ ಪರ್ಮನೆಂಟ್ ಆಗುತ್ತದೋ ಇಲ್ಲವೋ. ಅತ್ತೆಯ ಮಂಡಿ. ಮಹಡಿ ಕಟ್ಟಿಸಿದ ಸಾಲದಲ್ಲಿ ಉಳಿದ ಕಂತು ಎಷ್ಟು. ಅವೆಲ್ಲ ಮುಗಿದರೆ, 1998ರಲ್ಲಿ ನಾದಿನಿಯ ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ ಆಡಿದ ಒಂದು ಮಾತು, ಅದಕ್ಕೆ ನಾನು ಕೊಡಬೇಕಾಗಿದ್ದ ಉತ್ತರ. ಇಪ್ಪತ್ತು ವರ್ಷದ ಮೇಲಾದರೂ ಆ ಉತ್ತರವನ್ನು ನಾನು ತಿದ್ದುತ್ತಲೇ ಇದ್ದೆ.

ಮೊಬೈಲಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡೆ. ಮಗನೇ ಹಾಕಿಕೊಟ್ಟಿದ್ದು. ಅದರಲ್ಲಿ ಒಂದು ಗಂಡು ದನಿ, ನೀವೀಗ ಸಮುದ್ರದ ದಡದಲ್ಲಿದ್ದೀರಿ ಎಂದು ಇಂಗ್ಲಿಷಿನಲ್ಲಿ ಬಹಳ ನಯವಾಗಿ ಹೇಳುತ್ತಿತ್ತು. ನಾನು ಕೂತಿದ್ದು ಕುವೆಂಪುನಗರದ ಅಡುಗೆಮನೆಯ ಕಟ್ಟೆಯ ಪಕ್ಕ. ಸಮುದ್ರ ಎಂದರೆ ನನಗೆ ನೆನಪಾಗುವುದು ಮುರುಡೇಶ್ವರಕ್ಕೆ ಹೋಗಿದ್ದಾಗ ಅಲೆಯಲ್ಲಿ ಕೊಚ್ಚಿಹೋದ ಚಪ್ಪಲಿ. ಹೊಸ ಚಪ್ಪಲಿ. ಆ್ಯಪ್ ತೆಗೆದುಹಾಕಿದೆ.

ರಾಮಮಂದಿರದ ಹಜಾರದಲ್ಲಿ ಬೆಳಿಗ್ಗೆ ಐದೂಕಾಲಿಗೆ ಯೋಗ ಹೇಳಿಕೊಡ್ತಾರೆ, ದುಡ್ಡುಕಾಸು ಏನಿಲ್ಲ, ಬೇಕಾದ್ರೆ ಹೋಗು ಅಂದವರು ನಮ್ಮತ್ತೆ. ಐದೂಕಾಲಿಗೆ ನಾನು ಹೋದರೆ ಹಾಲು ತರುವವರು ಯಾರು, ಡಿಕಾಕ್ಷನ್ ಹಾಕುವವರು ಯಾರು? ನಮ್ಮಂಥ ಮನೆಗಳಲ್ಲಿ ಹೆಂಗಸು ಯೋಗಕ್ಕೆ ಹೋಗುವುದಕ್ಕೆ ಮೊದಲ ಅಡ್ಡಿ ಮೈಯಲ್ಲ, ಹಾಲಿನ ಪ್ಯಾಕೆಟ್ಟು. ಪತಂಜಲಿ ಯೋಗಕ್ಕೆ ಒಂಬತ್ತು ಅಂತರಾಯಗಳನ್ನು ಪಟ್ಟಿ ಮಾಡಿದ್ದಾನೆ: ರೋಗ, ಜಡತ್ವ, ಸಂಶಯ, ಸೋಮಾರಿತನ ಇತ್ಯಾದಿ. ಹಾಲಿನ ಪ್ಯಾಕೆಟ್ಟು ಅದರಲ್ಲಿಲ್ಲ. ಕೊನೆಗೆ ಎಜಮಾನರು ಹಾಲು ತರುವುದೆಂದೂ ಅತ್ತೆ ಡಿಕಾಕ್ಷನ್ ಹಾಕುವುದೆಂದೂ ತೀರ್ಮಾನವಾಯಿತು. ಹೇಗೂ ಮೂರಕ್ಕೇ ಎದ್ದಿರುತ್ತೀನಲ್ಲ, ಹೊರಟೆ.

ಮೊದಲ ದಿನ ನೆನಪಿರುವುದು ನೆಲ. ಹಳೇ ರೆಡಾಕ್ಸೈಡ್ ನೆಲ, ಅದರ ಮೇಲೆ ಮದುವೆಮನೆಗಳಲ್ಲಿ ಹಾಸುವಂಥ ಪಟ್ಟೆಪಟ್ಟೆ ಜಮಖಾನ. ಜಮಖಾನದ ಮೇಲೆ ಕಾಲಿಟ್ಟರೆ ಅದರಡಿಯ ನೆಲದ ಥಂಡಿ ಸೀದಾ ಮೂಳೆಗೆ ಬಂದು ಮುಟ್ಟುತ್ತಿತ್ತು. ಮೂವತ್ತು ಮೂವತ್ತೈದು ಜನ. ಮಫ್ಲರ್, ಸ್ವೆಟರ್, ಶಾಲು, ಒಬ್ಬರಂತೂ ಸ್ವೆಟರಿನ ಮೇಲೆ ಸೀರೆಯ ಸೆರಗು, ಸೆರಗಿನ ಮೇಲೆ ಇನ್ನೊಂದು ಸ್ವೆಟರ್. ನಾನು ತೆಳು ಚೂಡಿದಾರ್‌ನಲ್ಲಿ ನಿಂತಿದ್ದೆ. ಎಲ್ಲರೂ ನನ್ನನ್ನೇ ನೋಡಿದರು, ಈಯಮ್ಮ ಎಷ್ಟು ವರ್ಷದ ಸಾಧಕಿಯೋ ಎನ್ನುವ ಹಾಗೆ.

ಹೇಳಿಕೊಡುವವರು ನಿವೃತ್ತ ಬಸ್ ಕಂಡಕ್ಟರು. ಎಲ್ಲರೂ ಕರೆಯುವುದು ಮೇಷ್ಟ್ರು ಎಂದೇ. ಬಿಳೀ ಪೈಜಾಮ, ಬಿಳೀ ಬನಿಯನ್ನು, ಜನವರಿಯಲ್ಲೂ ಅಷ್ಟೇ. ಸಂಸ್ಕೃತದ ಹೆಸರುಗಳನ್ನು ಸ್ಪಷ್ಟವಾಗಿ ಹೇಳುತ್ತಾರೆ, ಆದರೆ ಆಸನದಲ್ಲಿ ನಿಲ್ಲಿಸಬೇಕಾದಾಗ ಮೂವತ್ತು ವರ್ಷದ ಅಭ್ಯಾಸ ಬಾಯಿಗೆ ಬಂದುಬಿಡುತ್ತದೆ. "ವೀರಭದ್ರಾಸನ... ಮಂಡಿ ಬಗ್ಗಲಿ, ಇನ್ನೂ, ಇನ್ನೂ... ಹೋಲ್ಡಾನ್!" ಎಲ್ಲರೂ ನಿಲ್ಲಬೇಕು. ತೊಡೆ ನಡುಗಲು ಶುರುವಾಗಿ, ಇನ್ನು ಆಗಲ್ಲ ಅನ್ನುವ ಹೊತ್ತಿಗೆ "ರೈಟ್" ಅಂತಾರೆ. ಆ 'ರೈಟ್' ಎಷ್ಟು ಇಂಪಾಗಿ ಕೇಳಿಸುತ್ತದೆ ಎಂಬುದು ನಿಂತವರಿಗೇ ಗೊತ್ತು. ಬಾಗಿಲಲ್ಲಿ ಗುಂಪುಗಟ್ಟಿದರೆ "ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ".

ಮಾಗಿಯಲ್ಲಿ ಮೈ ಸುಲಭಕ್ಕೆ ಬಗ್ಗುವುದಿಲ್ಲ. ಸ್ನಾಯು ತಣ್ಣಗಿದ್ದಾಗ ಬಿರುಸಾಗಿರುತ್ತದೆ, ಕೀಲುಗಳೂ ಬಿಗಿ. ಅದಕ್ಕೇ ಮೇಷ್ಟ್ರು ಧನುರ್ಮಾಸದ ತಿಂಗಳು ಇಪ್ಪತ್ತು ನಿಮಿಷ ಬರೀ ಸಡಿಲ ವ್ಯಾಯಾಮ ಮಾಡಿಸುತ್ತಿದ್ದರು. ಬೆರಳು, ಮಣಿಕಟ್ಟು, ಭುಜ, ಸೊಂಟ, ಪಾದದ ಗಂಟು. "ಎಂಜಿನ್ ಬಿಸಿ ಆಗ್ಲಿ, ಆಮೇಲೆ ಗೇರ್ ಹಾಕಣ." ಆಮೇಲೆ ಸೂರ್ಯನಮಸ್ಕಾರ. ಮುಂದಕ್ಕೆ ಬಾಗಿ ಸೊಂಟ ಎತ್ತಿ ನಿಂತಾಗ ಕತ್ತು ಒಂದಿಷ್ಟು ಮೇಲೆತ್ತಿದರೆ ಮುಂದಿನ ಸಾಲಿನವರ ಹಿಮ್ಮಡಿಗಳು ಕಾಣುತ್ತವೆ. ಎತ್ತಬಾರದು, ನಾನು ಎತ್ತುತ್ತಿದ್ದೆ. ಚಳಿಗೆ ಒಡೆದ ಹಿಮ್ಮಡಿಗಳು. ವ್ಯಾಸಲೀನ್ ಹಚ್ಚಿದವು, ಹರಳೆಣ್ಣೆ ಹಚ್ಚಿದವು, ಬಿರುಕಿನೊಳಗೆ ಅರಿಶಿನ ಉಳಿದವು, ಏನೂ ಹಚ್ಚಲು ಪುರುಸೊತ್ತಿಲ್ಲದೆ ಗದ್ದೆಯ ಹಾಗೆ ಬಾಯಿಬಿಟ್ಟವು. ಯಾರ ಮನೆಯಲ್ಲಿ ಎಷ್ಟು ಕೆಲಸ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ಯಾರು ನಿಲ್ಲುತ್ತಾರೆ, ಯಾರ ಮನೆಗೆ ವಾಷಿಂಗ್ ಮೆಷಿನ್ ಬಂದಿದೆ, ಎಲ್ಲ ಅಲ್ಲೇ ಬರೆದಿರುತ್ತಿತ್ತು. ನನಗೆ ಮನಸ್ಸು ಮೊದಲ ಸಲ ನನ್ನ ಕಡತಗಳನ್ನು ಬಿಟ್ಟು ಬೇರೆ ಏನನ್ನೋ ನೋಡಿದ್ದು ಆ ಹಿಮ್ಮಡಿಗಳನ್ನು. ಅದನ್ನು ಧ್ಯಾನ ಎನ್ನುತ್ತಾರೋ ಇಲ್ಲವೋ.

ಮೈಸೂರಿನಲ್ಲಿ ಯೋಗಕ್ಕೆ ಹೋಗ್ತೀನಿ ಎಂದರೆ ಹೊರಗಿನವರ ಕಣ್ಣು ಅಗಲವಾಗುತ್ತದೆ. ಅದಕ್ಕೆ ಕಾರಣವೂ ಇದೆ. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಇಲ್ಲಿಗೆ ಕರೆಸಿಕೊಂಡು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಜಾಗ ಕೊಟ್ಟರು. ಅವರ 'ಯೋಗ ಮಕರಂದ' 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲೇ. ಈಗ ಜಗತ್ತಿನ ಊರೂರಲ್ಲಿ ಚಾಪೆ ಹಾಸಿಕೊಂಡು ಮಾಡುವ ಯೋಗದ ಬಹುಪಾಲು ಬೇರು ಆ ಅರಮನೆಯ ಕೋಣೆಯಲ್ಲಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು ಕೃಷ್ಣಮಾಚಾರ್ಯರ ಹೆಂಡತಿಯ ತಮ್ಮ, ಮೈಸೂರಿಗೆ ಬಂದಾಗ ಕಾಯಿಲೆ ಬಿದ್ದು ಸೊರಗಿದ ಹುಡುಗ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಹಾಸನದ ಹತ್ತಿರದ ಕೌಶಿಕದವರಾದ ಪಟ್ಟಾಭಿ ಜೋಯಿಸರು ದಶಕಗಟ್ಟಲೆ ಲಕ್ಷ್ಮೀಪುರಂನ ತಮ್ಮ ಮನೆಯಲ್ಲೇ ಯೋಗ ಹೇಳಿಕೊಟ್ಟು ಆಮೇಲೆ ಇಲ್ಲಿಯದೇ ಬಡಾವಣೆಯಾದ ಗೋಕುಲಕ್ಕೆ ಹೋದರು. ಆ ಗೋಕುಲಕ್ಕೆ ಪ್ರತಿ ಚಳಿಗಾಲ ದೇಶವಿದೇಶದವರು ಬಂದಿಳಿಯುತ್ತಾರೆ.

ನನ್ನ ತಂಗಿಯ ಮನೆ ಆ ಕಡೆ. ಒಂದು ಜನವರಿ ಬೆಳಿಗ್ಗೆ ಅವಳ ಮನೆ ಮುಂದೆ ಎಳನೀರು ಕುಡಿಯುತ್ತಾ ನಿಂತಿದ್ದ ಫಿನ್ಲೆಂಡಿನ ಹುಡುಗಿಯೊಬ್ಬಳ ಜೊತೆ ಮಾತಾಡಿದೆ. ತೋಳಿಲ್ಲದ ಬನಿಯನ್ನು, ಬೆವರು. ಎಳನೀರಿನವನು ಕಿವಿಗೆ ಟವಲ್ ಸುತ್ತಿಕೊಂಡಿದ್ದ. ನಮ್ಮೂರಲ್ಲಿ ಈಗ ಹಗಲೇ ಸರಿಯಾಗಿ ಆಗುವುದಿಲ್ಲ, ನಾನು ಇಲ್ಲಿಗೆ ಬರುವುದು ಬಿಸಿಲು ಕಾಯಿಸಿಕೊಳ್ಳುವುದಕ್ಕೆ ಅಂದಳು. ನಾವು ಯಾವುದನ್ನು ಮಾಗಿ ಚಳಿ ಎಂದು ಮಂಕಿ ಕ್ಯಾಪಿನೊಳಗೆ ಸೇರಿಕೊಳ್ಳುತ್ತೇವೋ ಅವಳಿಗೆ ಅದು ಬೇಸಿಗೆ ರಜೆ. ಅವಳ ಪಕ್ಕ ನಿಂತಾಗ ನನಗೆ ಹಾಯೆನಿಸಿತು. ಊರಲ್ಲಿ ನನ್ನ ಹಾಗೆ ಸೆಕೆ ಅನ್ನುವ ಇನ್ನೊಂದು ಜೀವ ಸಿಕ್ಕಿತಲ್ಲ ಅಂತ.

ಮೇಷ್ಟ್ರ ತರಗತಿಯಲ್ಲಿ ಇಂಥ ದೊಡ್ಡ ಹೆಸರುಗಳ ಮಾತೇ ಬರುವುದಿಲ್ಲ. ಅವರು ಕಲಿತದ್ದು ಡಿಪೋದಲ್ಲಿ ಜೊತೆಗಿದ್ದ ಒಬ್ಬ ಡ್ರೈವರಿನಿಂದ, ಬೆನ್ನುನೋವಿಗೆ.

ಕೊನೆಯ ಇಪ್ಪತ್ತು ನಿಮಿಷ ಪ್ರಾಣಾಯಾಮ, ಧ್ಯಾನ. ಚಳಿಗಾಲವಾದ್ದರಿಂದ ಭಸ್ತ್ರಿಕಾ, ಕಪಾಲಭಾತಿ, ಮೈ ಬಿಸಿ ಮಾಡುವಂಥವು. ನಾಲಿಗೆಯನ್ನು ಕೊಳವೆಯ ಹಾಗೆ ಮಡಿಸಿ ಗಾಳಿ ಎಳೆದುಕೊಳ್ಳುವ ಶೀತಲಿ, ಹಲ್ಲಿನ ಸಂದಿಯಿಂದ ಎಳೆಯುವ ಶೀತ್ಕಾರಿ, ಇವೆರಡೂ ತಂಪು, ಶಿವರಾತ್ರಿ ಕಳೆಯುವವರೆಗೆ ಮುಟ್ಟಬಾರದು ಎಂದು ಮೇಷ್ಟ್ರು ಕಟ್ಟುನಿಟ್ಟು ಮಾಡಿದ್ದರು. ನನಗೆ ಬೇಕಾಗಿದ್ದೇ ಅದು. ಅವರಿಗೆ ಹೇಗೆ ಹೇಳುವುದು? ಮೂವತ್ತು ಜನರ ಮಧ್ಯೆ, ಅದರಲ್ಲಿ ಅರ್ಧ ಗಂಡಸರು, ಮೇಷ್ಟ್ರೂ ಗಂಡಸು, ಸಾರ್ ನನಗೆ ರಾತ್ರಿ ಮೂರು ಗಂಟೆಗೆ ಬೆಂಕಿ ಬೀಳುತ್ತೆ ಅನ್ನಲಾದೀತೇ. ಭಸ್ತ್ರಿಕಾ ಮಾಡಿಸುವಾಗ ಸುಮ್ಮನೆ ಮೂಗು ಅಲ್ಲಾಡಿಸುತ್ತಿದ್ದೆ.

ಶೀತಲಿಯನ್ನು ಕದ್ದು ಮಾಡಿದೆ. ರಾತ್ರಿ ಮೂರಕ್ಕೆ, ಬಾಲ್ಕನಿಯಲ್ಲಿ, ತುಳಸಿ ಕಟ್ಟೆಯ ಪಕ್ಕ ಕುರ್ಚಿ ಹಾಕಿಕೊಂಡು, ನಾಲಿಗೆ ಹೊರಚಾಚಿ. ತಣ್ಣನೆ ಗಾಳಿ ನಾಲಿಗೆಯ ಮೇಲೆ ಹಾದು ಗಂಟಲಿಗೆ ಇಳಿದಾಗ ಸ್ವರ್ಗ. ಮೂರನೇ ರಾತ್ರಿ ನೀರು ಕುಡಿಯಲು ಎದ್ದ ಎಜಮಾನರು ಕಿಟಕಿಯಿಂದ ಇದನ್ನು ನೋಡಿ ಎದೆ ಹಿಡಿದುಕೊಂಡರು. ಕತ್ತಲಲ್ಲಿ ಹೆಂಡತಿ ಬೀದಿಗೆ ಮುಖ ಮಾಡಿ ನಾಲಿಗೆ ಚಾಚಿ ಕೂತಿದ್ದರೆ ಯಾರಿಗಾದರೂ ಏನನ್ನಿಸಬೇಕು. ನಾಲ್ಕನೆಯ ದಿನ ನನ್ನ ಗಂಟಲು ಕಟ್ಟಿತು. ಮೂಗಿನಿಂದ ಎಳೆದರೆ ಗಾಳಿ ದಾರಿಯಲ್ಲೇ ಬೆಚ್ಚಗಾಗಿ ಇಳಿಯುತ್ತದೆ, ಬಾಯಿಂದ ಎಳೆದರೆ ಆ ಸೌಕರ್ಯವಿಲ್ಲ. ಮೇಷ್ಟ್ರ ಮಾತು ಮೀರಿದ್ದಕ್ಕೇ ಹೀಗಾಯಿತೆಂದು ಅತ್ತೆ ಮೆಣಸಿನ ಕಷಾಯ ಮಾಡಿಕೊಟ್ಟರು. ಕುಡಿದು ಇನ್ನೂ ಸೆಕೆಯಾಯಿತು.

ತರಗತಿಯಲ್ಲಿ ನನ್ನ ಪಕ್ಕದ ಜಾಗ ಮೂಲೆಮನೆ ಅಜ್ಜಿಯದು. 76 ವರ್ಷ, ಪದ್ಮಾಸನ ಹಾಕಿದರೆ ಕಲ್ಲಿನ ಹಾಗೆ. ಒಂದು ದಿನ ಶವಾಸನ ಮುಗಿಸಿ ಏಳುವಾಗ, ಎಲ್ಲರೂ ಶಾಲು ಹುಡುಕುತ್ತಿದ್ದರೆ ನಾನು ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದೆ. ಅಜ್ಜಿ ನನ್ನ ಕಡೆ ತಿರುಗದೆಯೇ ಅಂದರು:

"ನಂಗೂ ಆಗಿತ್ತು ಕಣಮ್ಮ."

ನಾನು ಏನು ಅಜ್ಜಿ ಅಂದೆ.

"ಅದೇ. ಆಗೆಲ್ಲ ಯಾರ್ ಹೇಳ್ತಿದ್ರು? ಮನೇಲಿ ಹದಿನಾಲ್ಕು ಜನ, ಇಡೀ ದಿನ ಸೌದೆ ಒಲೆ ಮುಂದೆ. ಒಲೆ ಸೆಕೆ ಅಂದ್ಕೊಂಡೇ ಮೂರ್ ವರ್ಷ ಕಳ್ದ್‌ಬಿಟ್ಟೆ."

ಆಮೇಲೆ ಆ ವಿಷಯ ನಾವಿಬ್ಬರೂ ಎತ್ತಲಿಲ್ಲ. ಮರುದಿನದಿಂದ ಅವರು ಕಿಟಕಿಯ ಪಕ್ಕದ ತಮ್ಮ ಜಾಗವನ್ನು ನನಗೆ ಬಿಟ್ಟು ಈ ಕಡೆ ಚಾಪೆ ಹಾಕಿಕೊಂಡರು.

ಧ್ಯಾನದ ವಿಷಯಕ್ಕೆ ಬರುತ್ತೇನೆ. ಕಣ್ಣು ಮುಚ್ಚಿ, ಉಸಿರು ಗಮನಿಸಿ. ಇಷ್ಟೇ ಮೇಷ್ಟ್ರು ಹೇಳುತ್ತಿದ್ದದ್ದು. ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ, ಹತ್ತಾದ ಮೇಲೆ ಮತ್ತೆ ಒಂದರಿಂದ. ಉಸಿರೆಳೆದುಕೊಂಡಾಗ ಎದೆಬಡಿತ ತುಸು ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದರೆ ಆ ನಿಧಾನವೂ ಉದ್ದವಾಗುತ್ತದೆ. ಇದಕ್ಕೆ ನಂಬಿಕೆ ಬೇಕಿಲ್ಲ, ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಮೈಗೆ ಸಮಾಧಾನ ಆಗುತ್ತಿತ್ತು, ನಿಜ. ಮನಸ್ಸು ಮಾತ್ರ ಮೂರು ಗಂಟೆಯ ಮನಸ್ಸೇ. ಕಡತ, ಕಂತು, ಮಂಡಿ, 1998. ಜೊತೆಗೆ ಹೊಸದೊಂದು ಸೇರಿಕೊಂಡಿತ್ತು: ಎಲ್ಲರಿಗೂ ಧ್ಯಾನ ಹತ್ತಿದೆ, ನನಗೊಬ್ಬಳಿಗೆ ಹತ್ತುತ್ತಿಲ್ಲ. ಒಂದು ಕಣ್ಣು ತೆರೆದು ನೋಡಿದರೆ ಮೂವತ್ತು ಜನ ಬುದ್ಧರು. ಒಬ್ಬರು ಗೊರಕೆ ಹೊಡೆಯುತ್ತಿದ್ದ ಬುದ್ಧರು.

ಧನುರ್ಮಾಸದಲ್ಲಿ ಇನ್ನೊಂದು ತೊಂದರೆ. ಪಕ್ಕದ ಗರ್ಭಗುಡಿಯಲ್ಲಿ ಬೆಳಗಿನ ಪೂಜೆಗೆ ಹುಗ್ಗಿ ಮಾಡುತ್ತಾರೆ. ಅಕ್ಕಿ, ಹುರಿದ ಹೆಸರುಬೇಳೆ, ಶುಂಠಿ. ಸರಿಯಾಗಿ ನಾವು ಕಣ್ಣು ಮುಚ್ಚುವ ಹೊತ್ತಿಗೇ ತುಪ್ಪದಲ್ಲಿ ಮೆಣಸು ಜೀರಿಗೆ ಸಿಡಿದ ಘಮ ಹಜಾರಕ್ಕೆ ಬರುತ್ತದೆ. ಹೇಮಂತದಲ್ಲಿ ಜಠರಾಗ್ನಿ ಬಲವಾಗಿರುತ್ತದೆ, ಗಟ್ಟಿಯಾದ ಸ್ನಿಗ್ಧ ಆಹಾರ ಬೇಕು ಎಂದು ಆಯುರ್ವೇದದ ಋತುಚರ್ಯೆ ಹೇಳುತ್ತದೆ. ಮೂವತ್ತು ಹೊಟ್ಟೆಗಳು ಒಟ್ಟಿಗೆ ಗುರ್ ಅನ್ನುವ ಸದ್ದಿನಲ್ಲಿ ಅದು ನಿಜವೆಂದು ನನಗೆ ಖಾತ್ರಿಯಾಯಿತು. ಸದ್ದು ನಡುವೆ ನಗು ಬಂದು, ನಗು ತಡೆದು, ಎಣಿಕೆ ತಪ್ಪಿ.

ಒಂದು ದಿನ ದೊನ್ನೆಯಲ್ಲಿ ಹುಗ್ಗಿ ತಿನ್ನುತ್ತಾ ಮೇಷ್ಟ್ರಿಗೆ ಹೇಳಿಯೇಬಿಟ್ಟೆ. ಸಾರ್, ಆರು ವಾರ ಆಯ್ತು, ಮನಸ್ಸು ನಿಲ್ತಾನೇ ಇಲ್ಲ, ಇನ್ನೂ ಗಲಾಟೆ ಜಾಸ್ತಿ ಆದ ಹಾಗಿದೆ.

ಮೇಷ್ಟ್ರು ದೊನ್ನೆ ಕೆಳಗಿಟ್ಟರು.

"ಮೇಡಂ, ನಾನು ನಂಜನಗೂಡು ರೂಟಲ್ಲಿದ್ದೋನು. ಬಸ್ಸಲ್ಲಿ ಜನ ಸುಮ್ನೆ ಕೂತಿದ್ದನ್ನ ಒಂದ್ ದಿನಾನಾರ ನೋಡಿದೀರಾ ನೀವು? ಮಗು ಅಳ್ತಿರುತ್ತೆ, ಚೀಲದಲ್ಲಿ ಕೋಳಿ ಕೂಗ್ತಿರುತ್ತೆ, ಒಬ್ಬ ಚಿಲ್ರೆ ಎಲ್ಲಿ ಅಂತಾನೆ, ಇನ್ನೊಬ್ಳು ನನ್ ಸ್ಟಾಪ್ ಬಂತಾ ಅಂತಾಳೆ. ಎಲ್ರೂ ಬಾಯ್ ಮುಚ್ಲಿ, ಆಮೇಲೆ ಟಿಕೆಟ್ ಹರೀತೀನಿ ಅಂತ ನಾನು ಕೂತ್ರೆ ಸ್ಟೇಜ್ ಬಂದ್ಬಿಡುತ್ತೆ. ಚೆಕಿಂಗ್‌ನೋರು ಹತ್ತಿದ್ರೆ ಕೈಗೆ ಮೆಮೋ. ಗಲಾಟೆ ನಿಲ್ಸೋದು ನಮ್ ಡ್ಯೂಟಿ ಅಲ್ಲ. ಟಿಕೆಟ್ ಹರಿಯೋದು ನಮ್ ಡ್ಯೂಟಿ."

ನಾನು ನಕ್ಕೆ. ಅವರು ನಗಲಿಲ್ಲ. "ಎಣಿಕೆ ತಪ್ಪಿತಾ? ಮತ್ತೆ ಒಂದು. ಅಷ್ಟೇ" ಅಂದು ಹುಗ್ಗಿಯ ಕಡೆ ತಿರುಗಿದರು.

ಮನೆಗೆ ಬಂದು ಪತಂಜಲಿಯ ಸೂತ್ರಗಳನ್ನು ತೆಗೆದು ಕೂತೆ. ಓದುವ ಚಟ ಇರುವವರಿಗೆ ಒಂದು ಮಾತು ಕೇಳಿದರೆ ಸಾಲುವುದಿಲ್ಲ, ಅಚ್ಚಾದದ್ದು ಬೇಕು. ಇಡೀ ಯೋಗಸೂತ್ರದಲ್ಲಿ ಆಸನದ ಬಗ್ಗೆ ನೇರವಾಗಿ ಇರುವುದು ಮೂರೇ ಸೂತ್ರ, ಎರಡನೇ ಪಾದದ 46ರಿಂದ 48. ಮೊದಲನೆಯದು ಎಲ್ಲರಿಗೂ ಬಾಯಿಪಾಠ, ಸ್ಥಿರಸುಖಮಾಸನಮ್. ಮೂರನೆಯದನ್ನು ನಾನು ಅವತ್ತಿನವರೆಗೆ ಗಮನಿಸಿಯೇ ಇರಲಿಲ್ಲ: ತತೋ ದ್ವಂದ್ವಾನಭಿಘಾತಃ. ಆಮೇಲೆ ದ್ವಂದ್ವಗಳ ಹೊಡೆತ ತಾಗುವುದಿಲ್ಲ. ಯಾವ ದ್ವಂದ್ವ ಎನ್ನುವುದಕ್ಕೆ ವ್ಯಾಸಭಾಷ್ಯ ಕೊಡುವ ಉದಾಹರಣೆ ಒಂದೇ. ಶೀತೋಷ್ಣ. ಚಳಿ ಮತ್ತು ಸೆಕೆ!

ಪುಸ್ತಕ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಬೇರೆಯವರಿಗೆ ಚಳಿ ಡಿಸೆಂಬರಿಗೆ, ಸೆಕೆ ಏಪ್ರಿಲ್‌ಗೆ. ನನಗೆ ಎರಡೂ ಹತ್ತು ನಿಮಿಷದೊಳಗೆ, ಒಂದೇ ನೈಟಿಯಲ್ಲಿ. ಸೂತ್ರ ಹೇಳುವುದು ದ್ವಂದ್ವ ಇಲ್ಲವಾಗುತ್ತದೆ ಎಂದಲ್ಲ, ಅದರ ಅಭಿಘಾತ, ಏಟು, ತಾಗುವುದಿಲ್ಲ ಎಂದು. ಮೇಷ್ಟ್ರು ಹೇಳಿದ್ದೂ ಅದೇ, ಕೋಳಿ ಕೂಗುತ್ತಲೇ ಇರುತ್ತದೆ ಎಂದು. ನಾನು ಅಲ್ಲಿಯವರೆಗೆ ನೆಮ್ಮದಿ ಅಂದರೆ ಖಾಲಿ ಬಸ್ಸು ಅಂದುಕೊಂಡಿದ್ದೆ.

ಅವತ್ತಿನಿಂದ ರಾತ್ರಿಯ ಲೆಕ್ಕ ಬೇರೆಯಾಯಿತು. ಮೂರಕ್ಕೆ ಎಚ್ಚರ, ಆಗಲಿ. ಎದ್ದು ಗೋಡೆಗೆ ಒರಗಿ ಕೂರುತ್ತಿದ್ದೆ. ಎದೆಯ ನಡುವೆ ಕಾವು ಹುಟ್ಟಿದಾಗ ಒಂದು. ಬಿಡುವ ಉಸಿರು ಉದ್ದ. ಕುತ್ತಿಗೆಗೆ ಬಂದಾಗ ಏಳೋ ಎಂಟೋ. ಕಿವಿ. ಹಣೆ. ಒಮ್ಮೆ ಪೂರ್ತಿ ಎಣಿಸಿದೆ, ಹುಟ್ಟಿದ್ದರಿಂದ ಬೆವರು ಆರಲು ಶುರುವಾಗುವವರೆಗೆ 24 ಉಸಿರು. ಇಷ್ಟು ದಿನ ಇಡೀ ರಾತ್ರಿಯನ್ನೇ ನುಂಗಿದೆ ಎಂದುಕೊಂಡಿದ್ದ ಮಹಾಮಾರಿಯ ಉದ್ದ ಬರೀ 24 ಉಸಿರು. ಆಮೇಲೆ ಬರುವ ಚಳಿಗೆ ಕಾಲ ಬುಡದ ರಗ್ಗು ಬಿಚ್ಚಿ ಹೊದೆಯುತ್ತಿದ್ದೆ. 1998ರವರು ಬರುತ್ತಿದ್ದರು. ಬಂದವರಿಗೆ ಒಂದು ಟಿಕೆಟ್. ಕೆಲವು ರಾತ್ರಿ ಹಾಗೇ ನಿದ್ದೆ ಬಂತು. ಕೆಲವು ರಾತ್ರಿ ಬರಲಿಲ್ಲ, ಹಾಲಿನ ಆಟೋ ಸದ್ದಾಗುವವರೆಗೆ ಎಣಿಸಿದೆ. ಆ ಸೆಕೆ ಯೋಗದಿಂದ ಕಡಿಮೆಯಾಯಿತು ಎಂದು ನಾನು ಹೇಳುವುದಿಲ್ಲ. ಎಷ್ಟು ಸಲ ಬರುತ್ತಿತ್ತೋ ಅಷ್ಟೇ ಸಲ ಬಂತು. ಯಾರಾದರೂ ಮೂರೇ ವಾರದಲ್ಲಿ ನಿಲ್ಲಿಸುತ್ತೇವೆ ಎಂದು ದುಡ್ಡು ಕೇಳಿದರೆ ಕೊಡಬೇಡಿ, ತಡೆಯಲಾರದಷ್ಟಾದರೆ ಡಾಕ್ಟರ ಹತ್ತಿರ ಹೋಗಿ.

ಜೂನ್ 21ಕ್ಕೆ ಯೋಗ ದಿನ, 2015ರಿಂದ ಆಚರಿಸುತ್ತಿದ್ದೇವೆ. ಅವತ್ತು ಅರಮನೆ ಮೈದಾನದಲ್ಲಿ ಜನಜಾತ್ರೆ, ಟೀ ಶರ್ಟು, ಡ್ರೋನು. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ಧ್ಯಾನ ದಿನ ಎಂದು ಗೊತ್ತುಮಾಡಿದೆ. ಒಂದು ವರ್ಷದ ಅತಿ ದೀರ್ಘ ಹಗಲು, ಇನ್ನೊಂದು ಅತಿ ದೀರ್ಘ ರಾತ್ರಿ. ಗೊತ್ತುಮಾಡಿದವರಲ್ಲಿ ಯಾರಿಗೋ ರಾತ್ರಿ ಮೂರರ ಪರಿಚಯ ಇದ್ದಿರಬೇಕು ಅನ್ನಿಸಿತು. ಆದರೆ ಚಳಿಗಾಲದ ತರಗತಿಗೆ ಹೋಗುವವರಿಗೆ ಗೊತ್ತಿರುವ ಸಂಗತಿ ಇನ್ನೊಂದಿದೆ. ಡಿಸೆಂಬರ್ 21 ಕಳೆದ ಮೇಲೆ ಹಗಲು ದೊಡ್ಡದಾಗುತ್ತದೆ, ಸರಿ, ಆದರೆ ನಮ್ಮ ಕಡೆ ಬೆಳಗಾಗುವುದು ಇನ್ನೂ ತಡವಾಗುತ್ತಾ ಹೋಗುತ್ತದೆ. ಸಂಜೆ ಬೆಳೆಯುತ್ತದೆ, ಬೆಳಿಗ್ಗೆ ಬೆಳೆಯುವುದಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಿ ಮುಗಿದರೂ ಜನವರಿ ಮೂರನೇ ವಾರದಲ್ಲಿ ಸೂರ್ಯ ಏಳುವುದು ಆರೂಮುಕ್ಕಾಲಿನ ಸುಮಾರಿಗೆ. ನಾವು ಧ್ಯಾನ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗಲೂ ಬೀದಿದೀಪ ಉರಿಯುತ್ತಿರುತ್ತದೆ. ಉತ್ತರಾಯಣ ಬಂತಲ್ಲ, ಇನ್ನು ಬೆಳಕು ಎಂದು ಕಾದವರು ಆ ವಾರ ತರಗತಿ ಬಿಡುತ್ತಾರೆ. ಮೂವತ್ತು ಇದ್ದವರು ಹದಿನೆಂಟಾಗುತ್ತಾರೆ.

ಆ ಹದಿನೆಂಟು ಜನ ರಥಸಪ್ತಮಿಗೆ 108 ಸೂರ್ಯನಮಸ್ಕಾರ ಹಾಕಬೇಕು. ತಲೆ ಮೇಲೆ, ಭುಜದ ಮೇಲೆ ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡಿ ಬರಬೇಕು. ಲೆಕ್ಕಕ್ಕೆ ಮೂಲೆಮನೆ ಅಜ್ಜಿ ಹುಣಸೆಬೀಜ ತರುತ್ತಾರೆ. ಒಂದು ನಮಸ್ಕಾರಕ್ಕೆ ಒಂದು ಬೀಜ, ಈ ಬಟ್ಟಲಿನಿಂದ ಆ ಬಟ್ಟಲಿಗೆ. ನಾನು ಆ ವರ್ಷ 54 ಮಾಡಿ ಕೂತೆ, ಅಂಗೈ ಉರಿಯುತ್ತಿತ್ತು.

ಹೋದ ಧನುರ್ಮಾಸದಲ್ಲಿ ಮೇಷ್ಟ್ರು ಒಂದು ತಿಂಗಳು ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆ ಹೆಂಡತಿಯನ್ನು ಕರೆದುಕೊಂಡು ದಾವಣಗೆರೆಗೆ ಹೋಗಿದ್ದರು. ಹೊರಡುವ ಹಿಂದಿನ ದಿನ "ಮೇಡಂ, ನೀವು ನೋಡ್ಕೊಳ್ಳಿ" ಅಂದರು. ನನಗಿಂತ ಚೆನ್ನಾಗಿ ಮಾಡುವವರು ಹತ್ತು ಜನ ಇದ್ದರು. "ನೀವು ಎಣಿಸ್ತೀರಲ್ಲ, ಸಾಕು" ಅಂದರು.

ಎರಡನೇ ದಿನವೋ ಮೂರನೇ ದಿನವೋ. ಎಲ್ಲರನ್ನೂ ವೀರಭದ್ರಾಸನದಲ್ಲಿ ನಿಲ್ಲಿಸಿದ್ದೆ. ಹೊರಗೆ ಮಂಜು ಕವಿದು ಎದುರುಮನೆ ಕಾಣುತ್ತಿರಲಿಲ್ಲ. ಎಲ್ಲ ಕಿಟಕಿ ಮುಚ್ಚಿತ್ತು. "ಮಂಡಿ ಬಗ್ಗಲಿ... ಇನ್ನೂ..." ಅನ್ನುವಷ್ಟರಲ್ಲಿ ಎದೆಯ ನಡುವೆ ಹಚ್ಚಿತು. ಹಗಲು ಬರುವುದು ಅಪರೂಪ, ಇವತ್ತೇ ಬರಬೇಕಿತ್ತು. ಮುಂದೆ ನಿಂತಿದ್ದೇನೆ, ಮೂವತ್ತು ಜೊತೆ ಕಣ್ಣು ನನ್ನ ಮುಖದ ಮೇಲೆ. ಕುತ್ತಿಗೆ, ಕಿವಿ. ಬಾಯಿಂದ ತಾನಾಗಿ "ಹೋಲ್ಡಾನ್" ಅಂತ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಂದು, ಎರಡು, ಮೂರು. ಹಣೆಯಿಂದ ಒಂದು ಹನಿ ಇಳಿದು ಹುಬ್ಬಿನಲ್ಲಿ ನಿಂತಿತು. ನಾಲ್ಕು. ತೊಡೆಗಳು ನಡುಗುತ್ತಿದ್ದವು, ಅವರದೂ ನನ್ನದೂ. ಐದು, ಆರು.

"ರೈಟ್."

ಎಲ್ಲರೂ ಉಸ್ ಎಂದು ಕಾಲು ಜೋಡಿಸಿದರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಮೂಲೆಮನೆ ಅಜ್ಜಿ ಮಾತ್ರ ಸಾಲಿನಿಂದ ಆಚೆ ಬಂದು, ಕಿಟಕಿಯ ಚಿಲಕದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು.

"ತೆಗೀಲೇನಮ್ಮಾ?"

"ಬೇಡಿ ಅಜ್ಜಿ, ಎಲ್ರಿಗೂ ಚಳಿ ಆಗುತ್ತೆ" ಅಂದೆ. ಆಮೇಲೆ, "ಸ್ವಲ್ಪ ತೆಗೀರಿ" ಅಂದೆ.